ಎದೆಗೂಡಿನ ಗಂಟು ಕಂಡ ಕೂಡಲೇ ತಜ್ಞರ ಬಳಿ ಕಳಿಸಬೇಕೇ? ಪರ–ವಿರೋಧ

ಪರ: ಮಾತ್ರೆಗೆ ಮೊದಲು ಸೂಜಿ

ನಮ್ಮ ಕಲಬುರಗಿ, ಬೀದರ್, ಯಾದಗಿರಿ ಕಡೆ ಸಿಟಿ ಸ್ಕ್ಯಾನ್ ವರದಿಯಲ್ಲಿ ಎದೆಯ ನಡುವಿನ ಲಿಂಫ್ ನೋಡ್ (ಸೋಂಕಿನ ವಿರುದ್ಧ ಹೋರಾಡುವ ಪುಟ್ಟ ಗ್ರಂಥಿ, ನಾವು ಗಂಟು ಅನ್ನುವುದು) ಊದಿದೆ ಎಂದು ಬಂದರೆ, ಕ್ಷಯವೆಂದೇ ಹಿಡಿದು ಮಾತ್ರೆ ಶುರು ಮಾಡುವುದುಂಟು. ಊಹೆ ಬಹಳ ಸಲ ನಿಜವೂ ಆಗುತ್ತದೆ. ಸುಳ್ಳಾದಾಗ ಏನು ಗತಿ ಅನ್ನುವುದೇ ನನ್ನ ಚಿಂತೆ.

ಈ ಗ್ರಂಥಿಗಳು ಕ್ಷಯದಲ್ಲಿ ಊದುವ ಹಾಗೆಯೇ ಲಿಂಫೋಮಾ (ಈ ಗ್ರಂಥಿಗಳದೇ ಕ್ಯಾನ್ಸರ್), ಸಾರ್ಕಾಯ್ಡೋಸಿಸ್ (ಸೋಂಕಿಲ್ಲದೆ ಉರಿಯೂತದ ಗಂಟು ಕಟ್ಟುವ ರೋಗ), ಶ್ವಾಸಕೋಶದ ಕ್ಯಾನ್ಸರ್‌ಗಳಲ್ಲೂ ಊದುತ್ತವೆ. ಜ್ವರ, ರಾತ್ರಿ ಬೆವರು, ತೂಕ ಇಳಿಯುವುದು ಕ್ಷಯಕ್ಕೂ ಉಂಟು, ಲಿಂಫೋಮಾಕ್ಕೂ ಉಂಟು. ಸಿಟಿಯಲ್ಲಿ ಗಂಟಿನ ಅಂಚು ಬೆಳ್ಳಗೆ, ನಡು ಕಪ್ಪಗೆ ಕಂಡರೆ ಕ್ಷಯದ ಅನುಮಾನ ಬಲವಾಗುತ್ತದೆ, ಆದರೂ ಅದು ಪುರಾವೆಯಲ್ಲ. ಇದಕ್ಕಿಂತ ಅಪಾಯ ಸ್ಟೆರಾಯ್ಡ್. ಪ್ರೆಡ್ನಿಸೊಲೋನ್‌ನಂಥ ಸ್ಟೆರಾಯ್ಡ್ ಕೊಟ್ಟರೆ ಲಿಂಫೋಮಾದ ಗಂಟೂ ಕೆಲವೇ ದಿನಗಳಲ್ಲಿ ಕುಗ್ಗಬಹುದು. ರೋಗಿ 'ಈಗ ಹಗುರ ಆಗ್ಯಾದ್ರಿ' ಅನ್ನುತ್ತಾನೆ. ಆಮೇಲೆ ತೆಗೆದ ಬಯಾಪ್ಸಿ ತುಣುಕಿನಲ್ಲಿ ಸತ್ತ ಜೀವಕೋಶ ಬಿಟ್ಟು ಬೇರೇನೂ ಸಿಗದೆ ಹೋಗಬಹುದು. ಅದಕ್ಕೇ ಪದೇ ಪದೇ ಹೇಳುತ್ತೇನೆ: ಮೊದಲು ಸೂಜಿಯಿಂದ ಗಂಟಿನ ತುಣುಕು ತೆಗೆದು ಪರೀಕ್ಷೆ, ಆಮೇಲೆ ಮಾತ್ರೆ.

ತಜ್ಞರು ಮಾಡುವುದು ಇಬಸ್. ಬಾಯಿಯಿಂದ ಶ್ವಾಸನಾಳಕ್ಕೆ ದೂರ್ಬೀನು ಇಳಿಸಿ, ಅದರ ತುದಿಯ ಅಲ್ಟ್ರಾಸೌಂಡ್‌ನಲ್ಲಿ ಗಂಟು ನೋಡುತ್ತಲೇ 21 ಅಥವಾ 22 ಗೇಜ್ ಸೂಜಿಯಿಂದ ಒಂದೊಂದು ಗಂಟಿಗೆ ಮೂರು ಸಲವಾದರೂ ಚುಚ್ಚುತ್ತಾರೆ. ಬಂದದ್ದನ್ನು ಹಂಚಬೇಕು: ಸ್ವಲ್ಪ ಗಾಜಿನ ಸ್ಲೈಡಿಗೆ, ಸ್ವಲ್ಪ ಫಾರ್ಮಲಿನ್‌ಗೆ, ಸ್ವಲ್ಪ ಸಲೈನ್‌ನಲ್ಲಿ ಸಿಬಿನ್ಯಾಟ್ (ಕ್ಷಯದ ಕ್ರಿಮಿಯ ಜೀನ್ ಹುಡುಕುವ ಪರೀಕ್ಷೆ) ಮತ್ತು ಕಲ್ಚರ್‌ಗೆ (ಕ್ರಿಮಿಯನ್ನು ಬೆಳೆಸಿ ನೋಡುವುದು). ಎಲ್ಲವನ್ನೂ ಫಾರ್ಮಲಿನ್ ಶೀಶೆಗೆ ಹಾಕಿಬಿಟ್ಟರೆ ಕ್ರಿಮಿ ಸಾಯುತ್ತದೆ, ಕಲ್ಚರ್ ಬೆಳೆಯುವುದಿಲ್ಲ, ಯಾವ ಔಷಧಕ್ಕೆ ಬಗ್ಗುವ ಕ್ಷಯ ಅನ್ನುವುದು ತಿಳಿಯುವುದಿಲ್ಲ.

ಕಳಿಸುವಾಗ ವರದಿ ಹಾಳೆಯೊಂದೇ ಸಾಲದು. ಸಿಟಿಯ ಸಿ.ಡಿ., ಹಳೆಯ ಎಕ್ಸ್‌ರೇ, ಕಫ, ಎಚ್‌ಐವಿ, ಸಕ್ಕರೆ ಪರೀಕ್ಷೆಗಳ ಫಲಿತಾಂಶ ಜೊತೆಗಿರಲಿ. ರೋಗಿ ರಕ್ತ ಹೆಪ್ಪುಗಟ್ಟದಂತೆ ತಡೆಯುವ ಕ್ಲೋಪಿಡೋಗ್ರೆಲ್ ಅಥವಾ ವಾರ್ಫರಿನ್ ನುಂಗುತ್ತಿದ್ದರೆ ಚೀಟಿಯ ಮೇಲೇ ದೊಡ್ಡದಾಗಿ ಬರೆಯಿರಿ. ಗೊತ್ತಾಗದೆ ಹೋದರೆ ರಕ್ತಸ್ರಾವದ ಭಯ. ಮುಖ, ಕೊರಳು ಊದಿ ಕೊರಳ ನರ ಉಬ್ಬಿದ್ದರೆ, ಉಸಿರು ಎಳೆಯುವಾಗ ಸಿಳ್ಳೆ ಬಂದರೆ ಅದೇ ದಿನ ಆಂಬುಲೆನ್ಸ್‌ನಲ್ಲಿ, ಮಲಗಿಸದೆ ಒರಗಿಸಿ ಕೂರಿಸಿ ಕಳಿಸಬೇಕು.

ದೂರ, ಖರ್ಚು ಎನ್ನುವವರಿದ್ದಾರೆ. ಬೀದರಿನಿಂದ ತಜ್ಞರಿರುವ ಹೈದರಾಬಾದಿಗೆ ಸುಮಾರು 140 ಕಿ.ಮೀ. ಆರು ತಿಂಗಳು ತಪ್ಪು ಮಾತ್ರೆ ನುಂಗಿಸುವುದರ ಮುಂದೆ ಅದೇನು ದೂರ?

ವಿರೋಧ: ಮೊದಲು ಇಲ್ಲಿಯ ಕೆಲಸ ಮುಗಿಯಲಿ

ಈ ಬದಿ ಬರೆಯಲು ನನ್ನನ್ನು ಕೇಳಿದ್ದಾರೆ. ಸ್ಟೆರಾಯ್ಡ್ ವಿಷಯದಲ್ಲಿ ನನ್ನ ತಕರಾರಿಲ್ಲ. ಆದರೆ ವರದಿಯಲ್ಲಿ 'ನೋಡ್' ಎಂಬ ಪದ ಕಂಡವರನ್ನೆಲ್ಲ ಹೈದರಾಬಾದ್ ಬಸ್ಸು ಹತ್ತಿಸುವುದನ್ನು ಒಪ್ಪಲಾರೆ.

ಗಂಟಿನ ಉದ್ದ ಅಲ್ಲ, ಅಗಲ ನೋಡಬೇಕು. 10 ಮಿ.ಮೀ. ದಾಟಿದರೆ ದೊಡ್ಡದು ಎಂದು ಬರೆಯುತ್ತಾರೆ. ಬೇರೆ ಕಾರಣಕ್ಕೆ ತೆಗೆದ ಸಿಟಿಯಲ್ಲಿ ಕಂಡಿದ್ದು, 15 ಮಿ.ಮೀ. ಒಳಗಿದ್ದು, ರೋಗಿಗೆ ಯಾವ ತೊಂದರೆಯೂ, ಹಿಂದೆ ಕ್ಯಾನ್ಸರೂ ಇಲ್ಲದಿದ್ದರೆ ಸಾಮಾನ್ಯವಾಗಿ ಮುಂದಿನ ತಪಾಸಣೆಯೇ ಬೇಡ. ನ್ಯುಮೋನಿಯಾದಲ್ಲಿ, ಹೃದಯ ಸೋತಾಗಲೂ ಇವು ಊದುತ್ತವೆ. ಮೂಲ ರೋಗಕ್ಕೆ ಮದ್ದು ಕೊಟ್ಟರೆ ಇಳಿಯುತ್ತವೆ. ಕಲ್ಲು ಕ್ರಷರ್‌ನಲ್ಲಿ ದುಡಿದವರ ಗಂಟಿನ ಸುತ್ತ ಮೊಟ್ಟೆಯ ಓಡಿನಂತೆ ಸುಣ್ಣ ಕಟ್ಟಿರಬಹುದು, ಆದ್ದರಿಂದ ಕಸುಬು ಕೇಳಬೇಕು.

ಕೊರಳನ್ನು ಮುಟ್ಟಿ ನೋಡದೆ ಕಳಿಸುವುದು ದೊಡ್ಡ ತಪ್ಪು. ರೋಗಿಯನ್ನು ಕೂರಿಸಿ, ಹಿಂದೆ ನಿಂತು, ಭುಜ ಸಡಿಲ ಬಿಡಿಸಿ, ಕೊರಳೆಲುಬಿನ ಹಿಂದಿನ ಗುಂಡಿಯಲ್ಲಿ ಬೆರಳಾಡಿಸಬೇಕು. ಅಲ್ಲೊಂದು ಗಂಟು ಸಿಕ್ಕರೆ 23 ಗೇಜ್ ಸೂಜಿಯಲ್ಲಿ ಜಿಲ್ಲಾಸ್ಪತ್ರೆಯಲ್ಲೇ ತೆಗೆಯಬಹುದು, ಎದೆಯೊಳಗೆ ಇಳಿಯುವ ಅಗತ್ಯವೇ ಬೀಳದಿರಬಹುದು. ಕಫವನ್ನು ಎರಡು ಸಲ ಪರೀಕ್ಷೆಗೆ ಕಳಿಸಬೇಕು, ಅದರಲ್ಲೊಂದು ಬೆಳಗಿನದು.

ಕಾಯುವುದಾದರೆ ಮರುಸಿಟಿಯ ದಿನಾಂಕವನ್ನು ಚೀಟಿಯಲ್ಲಿ ಬರೆದೇ ಕೊಡಬೇಕು. 'ಆಮೇಲೆ ಬಾ' ಅಂದರೆ ತೊಗರಿ ರಾಶಿ ಮುಗಿಯುವವರೆಗೆ ರೋಗಿ ಬರುವುದಿಲ್ಲ. ಆ ಮಟ್ಟಿಗೆ ಎದುರು ಬದಿಯವರ ಆತಂಕ ನನಗೂ ಇದೆ.