ಚೀಲ ಕೆಂಪಾದಾಗಲೆಲ್ಲ ‘ಸೋಂಕು’ ಅಂದುಬಿಡಬೇಡಿ

ಬೆನ್ನುಹುರಿಗೆ ಪೆಟ್ಟಾಗಿ ವರ್ಷಗಟ್ಟಲೆ ಕ್ಯಾಥೆಟರ್ (ಮೂತ್ರವನ್ನು ಹೊರಗಿನ ಚೀಲಕ್ಕೆ ಇಳಿಸುವ ಟ್ಯೂಬ್) ಹಾಕಿಕೊಂಡವರ ಮೂತ್ರದಲ್ಲಿ ರಕ್ತ ಕಂಡರೆ ಎಲ್ಲರ ಬಾಯಲ್ಲೂ ಒಂದೇ ಮಾತು: ಸೋಂಕು. ಮೂತ್ರದಲ್ಲಿನ ಬ್ಯಾಕ್ಟೀರಿಯಾ ಬೆಳೆಸಿ ನೋಡುವ ಕಲ್ಚರ್ ಪರೀಕ್ಷೆ ಮಾಡಿಸುತ್ತಾರೆ, ಬ್ಯಾಕ್ಟೀರಿಯಾ ಸಿಗುತ್ತದೆ, ಆಂಟಿಬಯಾಟಿಕ್ ಶುರುವಾಗುತ್ತದೆ. ಆದರೆ ತಿಂಗಳುಗಟ್ಟಲೆ ಟ್ಯೂಬ್ ಇರುವ ಮೂತ್ರಕೋಶದಲ್ಲಿ ಬ್ಯಾಕ್ಟೀರಿಯಾ ಹೆಚ್ಚುಕಡಿಮೆ ಯಾವಾಗಲೂ ಇರುತ್ತದೆ. ಜ್ವರ, ಚಳಿ ಏನೂ ಇಲ್ಲದೆ ಕಲ್ಚರ್ ಪಾಸಿಟಿವ್ ಬಂದರೆ ಅದು ರಕ್ತಕ್ಕೆ ಕಾರಣ ಹೇಳಿದಂತಲ್ಲ. ಇನ್ನೊಂದು ಮೋಸವಿದೆ. ರಕ್ತದ ಹಿಂದೆ ಮೂತ್ರಕೋಶದ ಕ್ಯಾನ್ಸರ್ ಇರಬಹುದು, ಆ ಗಡ್ಡೆ ಬಿಟ್ಟುಬಿಟ್ಟು ರಕ್ತ ಸುರಿಸುತ್ತದೆ. ಐದು ದಿನದ ಮಾತ್ರೆ ಮುಗಿಯುವಷ್ಟರಲ್ಲಿ ರಕ್ತ ತಾನಾಗಿ ನಿಂತಿದ್ದರೂ ಹೆಸರು ಮಾತ್ರೆಗೆ ಬರುತ್ತದೆ.

ಟ್ಯೂಬು, ಅದು ಜಾರದಂತೆ ಒಳಗೆ ಉಬ್ಬಿಸಿದ ಬಲೂನು, ಕಲ್ಲು ವರ್ಷಗಟ್ಟಲೆ ಮೂತ್ರಕೋಶದ ಒಳಪದರವನ್ನು ಕೆರಳಿಸುತ್ತಿದ್ದರೆ ಅಲ್ಲಿನ ಕೋಶಗಳು ಚರ್ಮದ ಕೋಶಗಳಂತೆ ಚಪ್ಪಟೆಯಾಗುತ್ತವೆ. ಅದಕ್ಕೇ ಇವರಲ್ಲಿ ಇಂಥ ಚಪ್ಪಟೆ ಕೋಶಗಳ ಕ್ಯಾನ್ಸರ್, ಅಂದರೆ ಸ್ಕ್ವಾಮಸ್ ಕ್ಯಾನ್ಸರ್‌ನ ಪಾಲು ಬೇರೆಯವರಿಗಿಂತ ಜಾಸ್ತಿ. ಸಾಮಾನ್ಯವಾಗಿ ಪೆಟ್ಟಾಗಿ ಹತ್ತು ವರ್ಷ ದಾಟಿದ ಮೇಲೆ, ಉಳಿದವರಿಗಿಂತ ಚಿಕ್ಕ ವಯಸ್ಸಿನಲ್ಲೇ ಕಾಣಿಸಿಕೊಳ್ಳುತ್ತದೆ. ಪತ್ತೆಯಾಗುವಷ್ಟರಲ್ಲಿ ಎಷ್ಟೋ ಸಲ ಸ್ನಾಯುವಿನೊಳಗೆ ಇಳಿದಿರುತ್ತದೆ. ಬೀಡಿ, ಸಿಗರೇಟು ಸೇರಿದರೆ ಅಪಾಯ ಇನ್ನೂ ಹೆಚ್ಚು. ದಿನಕ್ಕೆ 4ರಿಂದ 6 ಸಲ ತಾವೇ ಟ್ಯೂಬ್ ಹಾಕಿ ತೆಗೆಯುವವರಿಗೆ ಅಪಾಯ ಕಡಿಮೆ ಇರಬಹುದು, ಇಲ್ಲವೇ ಇಲ್ಲ ಅನ್ನಬೇಡಿ.

ನೋವು ಗೊತ್ತಾಗದ ದೇಹದಲ್ಲಿ ಸುಳಿವು ಬೇರೆ ದಾರಿಯಲ್ಲಿ ಬರುತ್ತದೆ. ಕಾಲಿನ ಸೆಡೆತ ದಿಢೀರನೆ ಹೆಚ್ಚುವುದು, ಟ್ಯೂಬ್ ಪದೇಪದೇ ಕಟ್ಟುವುದು, ಪಕ್ಕದಿಂದ ಸೋರುವುದು, ಹೊಟ್ಟೆಯ ಮೂಲಕ ಟ್ಯೂಬ್ ಹಾಕಿದ ತೂತಿನ ಸುತ್ತ ಮಾಯದ ಹುಣ್ಣು ಅಥವಾ ಮಾಂಸ ಬೆಳೆಯುವುದು.

ಸ್ಕ್ಯಾನ್ ಒಂದನ್ನೇ ನೆಚ್ಚಿಕೊಳ್ಳಬೇಡಿ. ಖಾಲಿಯಾಗಿ ಕುಗ್ಗಿದ, ಮೊದಲೇ ಗೋಡೆ ದಪ್ಪಗಾದ ಮೂತ್ರಕೋಶದಲ್ಲಿ ಸಣ್ಣ ಗಡ್ಡೆ ಮರೆಯಾಗುತ್ತದೆ. ಸೋಂಕು, ಉರಿಯೂತವಿದ್ದರೆ ಮೂತ್ರದಲ್ಲಿ ಕ್ಯಾನ್ಸರ್ ಕೋಶ ಹುಡುಕುವ ಪರೀಕ್ಷೆಯೂ ದಾರಿ ತಪ್ಪಿಸುತ್ತದೆ. ಸಿಸ್ಟೋಸ್ಕೋಪಿ (ಕ್ಯಾಮೆರಾ ನಳಿಕೆಯಿಂದ ಮೂತ್ರಕೋಶದ ಒಳಗೆ ನೋಡುವುದು) ಮಾಡಿ, ಅನುಮಾನ ಬಂದ ಜಾಗದಿಂದ ಚೂರು ತೆಗೆದು ನೋಡಲೇಬೇಕು. ಏನೂ ತೊಂದರೆ ಕಾಣದಿದ್ದರೂ ವರ್ಷಕ್ಕೊಮ್ಮೆ ಮಾಡಿಸಬೇಕೇ ಎಂಬುದರಲ್ಲಿ ತಜ್ಞರಿಗೇ ಒಮ್ಮತವಿಲ್ಲ. ಎರಡು ತಪಾಸಣೆಗಳ ನಡುವೆ ಹುಟ್ಟುವ ಗಡ್ಡೆಯೂ ಉಂಟು. ರಕ್ತ ಕಂಡ ಮೇಲೆ ಮಾತ್ರ ಈ ಚರ್ಚೆಗೆ ಅರ್ಥವಿಲ್ಲ ಅನ್ನುವುದು ನನ್ನ ಖಚಿತ ಅಭಿಪ್ರಾಯ.

ಪೆಟ್ಟು ಎದೆಯ ಆರನೇ ಕಶೇರುವಿನ ಮಟ್ಟದಲ್ಲಿ ಅಥವಾ ಅದಕ್ಕೂ ಮೇಲಿದ್ದರೆ ಸಿಸ್ಟೋಸ್ಕೋಪಿಗೆ ಮೊದಲೇ ಹೇಳಿಬಿಡಿ. ಮೂತ್ರಕೋಶ ತುಂಬಿಸುವಾಗ ಬಿಪಿ ನೆಗೆಯಬಹುದು. ಇಂಥವರ ಮಾಮೂಲಿ ಬಿಪಿಯ ಮೇಲಿನ ಅಂಕಿ 90–110 ಇರುವುದುಂಟು, ಹಾಗಾಗಿ ಬೇರೆಯವರಿಗೆ ಸರಿಯೆನಿಸುವ 130 ಕೂಡ ಇವರಿಗೆ ಅಪಾಯದ ಗಂಟೆ. ತಲೆ ಸಿಡಿಯುವುದು, ಮುಖ ಕೆಂಪೇರಿ ಬೆವರುವುದು ಶುರುವಾದರೆ ಅಲ್ಲಿಗೇ ನಿಲ್ಲಿಸಿ, ಮೂತ್ರಕೋಶ ಖಾಲಿ ಮಾಡಿ, ಎಬ್ಬಿಸಿ ಕೂರಿಸಬೇಕು.