ಎ ಅಕ್ಷರದ ಪಂಡಿತರು

ಅವೆನ್ಯೂ ರಸ್ತೆಯ ಹಳೇ ಪುಸ್ತಕದಂಗಡಿಯಿಂದ ಇಂಗ್ಲಿಷ್ ಪದಗಳ ದಪ್ಪ ಪುಸ್ತಕವೊಂದನ್ನು ಹೊತ್ತು ತಂದ ಅಣ್ಣನ ಮಗ ಅದನ್ನು ನಮ್ಮ ಊಟದ ಮೇಜಿನ ಮೇಲೇ ಬಿಟ್ಟು ಹೋಗಿದ್ದ. ಸಾರಿನ ಪಾತ್ರೆ ಇಡಲು ಜಾಗವಿಲ್ಲ. ಎತ್ತಿ ಬಿಸಾಡುವ ಸಿಟ್ಟಿನಲ್ಲಿ ಪುಟ ತಿರುವಿದೆ. ಮೊದಲ ಹತ್ತಾರು ಪುಟಗಳಿಗೆ ಅರಿಶಿನ ಬಳಿದಂತೆ ಹೈಲೈಟರ್. 'ಅಬೇಟ್'ಗೆ ಎರಡು ಗೆರೆ, 'ಅಬೆಯನ್ಸ್' ಪಕ್ಕ ನಕ್ಷತ್ರ, 'ಅಬ್‌ಹಾರ್' ಎದುರು ಮಾರ್ಜಿನ್ನಿನಲ್ಲಿ ಯಾರದೋ ಇನಿಷಿಯಲ್ಲು. 'ಬಿ'ಗೆ ಬರುವ ಹೊತ್ತಿಗೆ ಹೈಲೈಟರ್ ಮುಗಿದು ಪೆನ್ಸಿಲ್ ಬಂದಿದೆ. 'ಬೆಲಿಜರೆಂಟ್' ಕೆಳಗೆ ಅರ್ಧ ಗೆರೆ. ಅಲ್ಲಿಂದ ಝೆಡ್‌ವರೆಗೆ ಪುಸ್ತಕ ಹೊಸದಕ್ಕೆ ಹೊಸದು.

ಪುಸ್ತಕದ ಹಳೇ ಯಜಮಾನರು ಯಾರೋ, ಈಗ ಎಲ್ಲಿದ್ದಾರೋ. ಆದರೆ ನಮ್ಮ ಸುತ್ತಮುತ್ತಲಿನ ಉನ್ನತ ಇಂಗ್ಲಿಷ್ ಅನ್ನೋದು ವಾಸವಾಗಿರುವುದು ಎ ಅಕ್ಷರದಲ್ಲಿ ಮಾತ್ರ ಎಂಬುದು ಅಂದೇ ನನಗೆ ಖಾತ್ರಿಯಾಯಿತು. ಕಚೇರಿಗೆ ಹೋಗಿ ವಿಚಾರಿಸಿ, ಮುಂದೆ ಸಾಗದೆ ನಿಂತ ಫೈಲು ಅಬೆಯನ್ಸ್‌ನಲ್ಲಿರುತ್ತದೆ. ಠಾಣೆಗೆ ಹೋಗಿ, ಆರೋಪಿ ಅಬ್‌ಸ್ಕಾಂಡ್ ಆಗಿರುತ್ತಾನೆ. ಕೆ ಅಕ್ಷರದಲ್ಲಿ ತಪ್ಪಿಸಿಕೊಂಡ ಆರೋಪಿಯ ಸುದ್ದಿಯನ್ನು ನಾನಂತೂ ಕೇಳಿಲ್ಲ.

ನಮ್ಮ ಚಿಕ್ಕಪ್ಪನವರನ್ನೇ ನೋಡಿ. ಬ್ಯಾಂಕಿನಿಂದ ನಿವೃತ್ತರಾದವರು ಕುಟುಂಬದ ವಾಟ್ಸಾಪ್ ಗುಂಪಿಗೆ ಬೆಳಗಿನ ಜಾವವೇ ದಿನಕ್ಕೊಂದು ಪದ ಕಳಿಸುತ್ತಾರೆ. ಸೂರ್ಯೋದಯದ ಚಿತ್ರ, ಪದ, ಅರ್ಥ, ಕೊನೆಗೆ 'ಎಲ್ಲರೂ ವಾಕ್ಯ ಮಾಡಿ' ಎಂಬ ಆಜ್ಞೆ. 'ಅಮೀಲಿಯೊರೇಟ್', ಅಂದರೆ ಸುಧಾರಿಸು, ಬಂದ ದಿನ ನಮ್ಮತ್ತಿಗೆ, ಈರುಳ್ಳಿ ಬೆಲೆ ಅಮೀಲಿಯೊರೇಟ್ ಆಗಲಿ ಎಂದು ಬರೆದು ಶಭಾಷ್‌ಗಿರಿ ಪಡೆದಳು. ಎ ಮುಗಿಯುತ್ತಾ ಬಂತು ಎನ್ನುವಾಗ ಚಿಕ್ಕಪ್ಪನವರಿಗೆ ಕಣ್ಣಿನ ಪೊರೆಯ ಆಪರೇಷನ್ ಆಯಿತು. ಗುಣವಾಗಿ ಬಂದವರು "ನೀವೆಲ್ಲಾ ಮರ್ತಿರ್ತೀರಿ" ಎಂದು ಮತ್ತೆ 'ಅಬೇಟ್'ನಿಂದಲೇ ಶುರು ಹಚ್ಚಿದರು.

ಇದಕ್ಕೆ ದೊಡ್ಡವರ ಮೇಲ್ಪಂಕ್ತಿಯೇ ಇದೆ. ಆಕ್ಸ್‌ಫರ್ಡ್ ಇಂಗ್ಲಿಷ್ ನಿಘಂಟಿನ ಸಂಪಾದಕ ಜೇಮ್ಸ್ ಮರ್ರೆ ಲಂಡನ್ ಹತ್ತಿರದ ಮಿಲ್ ಹಿಲ್‌ನಲ್ಲಿ ಶಾಲೆಯ ಮೇಷ್ಟರು. 1879ರಲ್ಲಿ ಕೆಲಸ ಒಪ್ಪಿಕೊಂಡಾಗ ಹತ್ತು ವರ್ಷಕ್ಕೆ ಮುಗಿಯಬಹುದೆಂಬ ಅಂದಾಜಿತ್ತು. ಅವರಿಗಿಂತ ಮುಂಚಿನವರು ಪದಗಳ ಬಳಕೆಯನ್ನು ಬರೆದು ಕೂಡಿಟ್ಟಿದ್ದ ಚೀಟಿಗಳೇ ಸುಮಾರು ಎರಡು ಟನ್, ಮೂಟೆ ಮೂಟೆಯಾಗಿ ಬಂದು ಬಿದ್ದವು. ಒಂದು ಮೂಟೆ ಬಿಚ್ಚಿದರೆ ಸತ್ತ ಹೆಗ್ಗಣ. ಇನ್ನೊಂದರಲ್ಲಿ ಮರಿಗಳ ಸಮೇತ ಸಂಸಾರ ಹೂಡಿದ್ದ ಇಲಿ. ಎಚ್ ಅಕ್ಷರದ ಚೀಟಿಗಳು ಎಲ್ಲಿ ಎಂದು ಹುಡುಕಿದರೆ ಇಟಲಿಯ ಫ್ಲಾರೆನ್ಸಿನಲ್ಲಿ ಸಿಕ್ಕವು. 'ಪಿಎ'ಯಿಂದ ಶುರುವಾಗುವ ಪದಗಳು ಐರ್ಲೆಂಡಿನ ಒಂದು ಕುದುರೆ ಲಾಯದಲ್ಲಿದ್ದವು. ಬಹುಪಾಲು ಚೀಟಿಗಳನ್ನು ಆಗಲೇ ಒಲೆ ಹೊತ್ತಿಸಲು ಬಳಸಿಯಾಗಿತ್ತು. (ಆ ಮನೆಯವರ ಮೇಲೆ ನನಗೆ ಯಾಕೋ ಸಿಟ್ಟು ಬರುವುದಿಲ್ಲ. ಚಳಿಯ ದೇಶ.) ಮರ್ರೆ ಅಂಗಳದಲ್ಲಿ ತಗಡಿನ ಶೆಡ್ಡು ಹಾಕಿಸಿ, ಗೋಡೆಗೆ ಸಾವಿರಕ್ಕೂ ಹೆಚ್ಚು ಗೂಡು ಮಾಡಿಸಿ, ಚೀಟಿ ವಿಂಗಡಿಸಲು ಕುಳಿತರು. ಅವರಿಗೆ ಹನ್ನೊಂದು ಮಕ್ಕಳು. ಚಿಲ್ಲರೆ ಕಾಸು ಕೊಟ್ಟು ಮಕ್ಕಳಿಂದಲೂ ಚೀಟಿ ಜೋಡಿಸಿದರು. ಇಷ್ಟೆಲ್ಲಾ ಆಗಿ 1884ರಲ್ಲಿ ಮೊದಲ ಸಂಚಿಕೆ ಹೊರಬಂತು, 352 ಪುಟ. ಐದು ವರ್ಷಕ್ಕೆ ಅವರು ಎಲ್ಲಿಗೆ ತಲುಪಿದ್ದರು ಗೊತ್ತೇ? ಎ ಯಿಂದ ಹೊರಟು 'ಆಂಟ್'ವರೆಗೆ. ಇರುವೆಯವರೆಗೆ! ಎ ಅಕ್ಷರವೂ ಪೂರ್ತಿ ಮುಗಿದಿರಲಿಲ್ಲ. ಆಮೇಲೆ 'ಬಾಂಡ್‌ಮೇಡ್' ಎಂಬ ಪದದ ಚೀಟಿ ಕಳೆದುಹೋಗಿ, ಆ ಪದ ಇಲ್ಲದೆಯೇ ಬಿ ಅಚ್ಚಾಗಿ ಹೋಯಿತು. 1915ರಲ್ಲಿ ಮರ್ರೆ ತೀರಿಕೊಂಡಾಗ ಅವರ ಮೇಜಿನ ಮೇಲಿದ್ದುದು ಟಿ. ಹೀಗಿರುವಾಗ ನಮ್ಮ ಚಿಕ್ಕಪ್ಪನವರನ್ನು ಏನೆನ್ನುವುದು?

ನಡುವಿನ ಅಕ್ಷರಗಳಿಗೆ ಒಮ್ಮೊಮ್ಮೆ ಯೋಗ ಕೂಡಿಬರುವುದೂ ಉಂಟು. 2017ರ ಮೇ ತಿಂಗಳಲ್ಲಿ ಶಶಿ ತರೂರ್ ಒಂದು ಟ್ವೀಟಿನಲ್ಲಿ 'ಫರಾಗೋ' (ಕಲಸುಮೇಲೋಗರ) ಎಂದದ್ದೇ ತಡ, ಜನ ನಿಘಂಟಿಗೆ ಮುಗಿಬಿದ್ದರು. ಮರುವರ್ಷ ಅವರು 29 ಅಕ್ಷರದ ಇನ್ನೊಂದು ಪದ ತಂದರು. ಅದೂ ಎಫ್! ಆ ಪದವನ್ನು ಉಸಿರು ಬಿಡದೆ ಹೇಳಿ ತೋರಿಸಿದ ಹುಡುಗರು ನಮ್ಮ ಬೀದಿಯಲ್ಲೂ ಇದ್ದರು. ಯಾತಕ್ಕೆ ಬಳಸುತ್ತೀರಪ್ಪಾ ಎಂದರೆ, ಹೇಳುವುದಕ್ಕೇ ಎಂದರು.

ಪರೀಕ್ಷೆ ನಡೆಸುವವರಾದರೂ ನೆಟ್ಟಗಿದ್ದಾರೆಯೇ? ಅಮೆರಿಕಕ್ಕೆ ಓದಲು ಹೋಗುವವರ ಜಿಆರ್‌ಇಯಲ್ಲಿ ಬಿಡಿ ಪದ ಕೊಟ್ಟು ವಿರುದ್ಧಾರ್ಥ ಕೇಳುತ್ತಿದ್ದರು. ಅದಕ್ಕೆಂದೇ ಈ ನಗರದ ಅರ್ಧ ಎಂಜಿನಿಯರುಗಳು ಬಸ್ಸಿನಲ್ಲಿ, ಮದುವೆ ಮನೆಯಲ್ಲಿ ಪದಪಟ್ಟಿ ಉರು ಹೊಡೆದರು. 2011ರ ಆಗಸ್ಟಿನಲ್ಲಿ ಆ ಪ್ರಶ್ನೆಯನ್ನೇ ತೆಗೆದುಹಾಕಿದರು. ಉರು ಹೊಡೆದವರಿಗೆ ಯಾರೂ ಕ್ಷಮೆ ಕೇಳಲಿಲ್ಲ. ನನಗೆ ಮೈ ಉರಿಯುವುದು ಇದಕ್ಕಲ್ಲ. ಹಾಗೆ ಕಲಿತದ್ದನ್ನು ಎದುರಿಗೆ ಸಿಕ್ಕವರ ಮೇಲೆ ಪ್ರಯೋಗಿಸುವುದಕ್ಕೆ. ನಮ್ಮ ಅಪಾರ್ಟ್‌ಮೆಂಟಿನ ಸಭೆಯಲ್ಲಿ ಒಬ್ಬರು ವಾಚ್‌ಮನ್ನನ ನಡತೆ 'ಅಬರೆಂಟ್', ಅಂದರೆ ದಾರಿ ತಪ್ಪಿದ್ದು, ಎಂದು ಕಾಲು ಗಂಟೆ ಭಾಷಣ ಮಾಡಿದರು. ಅವನು ಕೈಕಟ್ಟಿಕೊಂಡು ತಲೆದೂಗುತ್ತಲೇ ಇದ್ದ, ಸಂಬಳ ಜಾಸ್ತಿ ಮಾಡುತ್ತಿದ್ದಾರೆ ಅಂದುಕೊಂಡು. ಅವನು ಮಾಡಿದ್ದ ಅಪರಾಧ ರಾತ್ರಿ ಪಾಳಿಯಲ್ಲಿ ಅರ್ಧ ಗಂಟೆ ಕಣ್ಣು ಮುಚ್ಚಿದ್ದು. ನಿದ್ದೆ ಮಾಡಿದ ಅನ್ನುವುದಕ್ಕೆ ಏನು ದಾಡಿ!

ಇರಲಿ. ಪುಸ್ತಕ ವಾಪಸ್ ಒಯ್ಯಲು ಬಂದ ಅಣ್ಣನ ಮಗನಿಗೆ ಎ ಮಹಾತ್ಮೆಯನ್ನೆಲ್ಲಾ ವಿವರಿಸಿದೆ. ಅವನು ನಕ್ಕು, "ಅತ್ತೆ, ಅದೆಲ್ಲಾ ನಂಗೆ ಗೊತ್ತು. ಅದಕ್ಕೇ ನಾನು ಹಿಂದಿನಿಂದ ಓದ್ತಿರೋದು" ಎಂದ. ಝೆಡ್ ಒಂದೇ ಸಂಜೆಗೆ ಮುಗಿಯಿತಂತೆ. ಎಕ್ಸ್‌ನಲ್ಲಿ ಪದಗಳೇ ಇಲ್ಲವಂತೆ. ವೈ ಕೂಡ ಹಾಗೇ. ಒಂದು ವಾರದೊಳಗೆ ಮೂರು ಅಕ್ಷರ ಕೈವಶವಾಗಿದ್ದವು.

"ಈಗ ಎಲ್ಲಿದ್ದೀಯಾ?"

"ಡಬ್ಲ್ಯೂ. ಒಂದು ತಿಂಗಳಾಯ್ತು."

ಗಾಬರಿ ಬೇಡ ಎಂದೆ. ಆಕ್ಸ್‌ಫರ್ಡಿನವರೂ ಎಕ್ಸ್, ವೈ, ಝೆಡ್‌ಗಳನ್ನು 1921ಕ್ಕೇ ಮುಗಿಸಿದ್ದರು. 1928ರವರೆಗೆ ಅವರನ್ನು ಕಾಯಿಸಿದ್ದೂ ಡಬ್ಲ್ಯೂವೇ.