ನೂರಕ್ಕೆ ನೂರು ಬಂತು, ಕೈ ಫೇಲಾಯಿತು

ಹೋದ ತಿಂಗಳು ಒಂದು ಆನ್‌ಲೈನ್ ಕೋರ್ಸ್ ಮುಗಿಸಿದೆ. ಸಿಪಿಆರ್, ಅಂದರೆ ಹೃದಯ ನಿಂತವರ ಎದೆ ಒತ್ತಿ ಉಸಿರು ಕೊಡುವುದು, ಅದರ ರಿಫ್ರೆಶರ್. ಎರಡು ಗಂಟೆ ವಿಡಿಯೋ, ಕೊನೆಗೆ ಇಪ್ಪತ್ತು ಪ್ರಶ್ನೆ. ನನಗೆ ನೂರಕ್ಕೆ ನೂರು ಬಂತು. ಹೆಮ್ಮೆಪಡುವ ಹಾಗೇನೂ ಇಲ್ಲ, ನಿಜ ಹೇಳಿಬಿಡುತ್ತೇನೆ. ವಿಡಿಯೋ ಓಡುತ್ತಿದ್ದಾಗ ನಾನು ಒಣಗಿದ ಬಟ್ಟೆ ಮಡಚುತ್ತಿದ್ದೆ. ‘ಮುಂದೆ’ ಅನ್ನುವ ಬಟನ್ ಒತ್ತಲು ಮಾತ್ರ ಆಗಾಗ ಬಂದು ಹೋಗುತ್ತಿದ್ದೆ. ಪ್ರಶ್ನೆಗಳೂ ಹಾಗೇ ಇದ್ದವು. ಎದೆ ಒತ್ತುವ ವೇಗ ಎಷ್ಟು? ನಿಮಿಷಕ್ಕೆ 100ರಿಂದ 120. ಆಳ ಎಷ್ಟು? ದೊಡ್ಡವರಿಗೆ 5 ಸೆಂಟಿಮೀಟರಿಗೆ ಕಮ್ಮಿ ಆಗಬಾರದು, 6 ದಾಟಬಾರದು. ವರ್ಷಗಟ್ಟಲೆ ಆಂಬುಲೆನ್ಸ್‌ನಲ್ಲಿ ದುಡಿದವರಿಗೆ ಇದೆಲ್ಲ ನಿದ್ದೆಗಣ್ಣಲ್ಲೂ ಬರುತ್ತದೆ.

ಎರಡು ವಾರ ಬಿಟ್ಟು ಡಮ್ಮಿ ಮುಂದೆ ಮಂಡಿಯೂರಿದೆ. ನಾವು ಒತ್ತಿದ್ದನ್ನು ಅಳೆದು ಪರದೆ ಮೇಲೆ ತೋರಿಸುವ ಮನುಷ್ಯಾಕಾರದ ಬೊಂಬೆ ಅದು. ಮೊದಲ ಅರ್ಧ ನಿಮಿಷ ಎಲ್ಲ ಹಸಿರು. ಆಮೇಲೆ ವೇಗ 130 ದಾಟಿತು, ಆಳ 4 ಸೆಂಟಿಮೀಟರಿಗೆ ಇಳಿಯಿತು. ಅವಸರ ಜಾಸ್ತಿಯಾದಷ್ಟೂ ಒತ್ತಿದ್ದು ಆಳಕ್ಕೆ ಹೋಗುವುದಿಲ್ಲ. ಅಮೆರಿಕನ್ ಹಾರ್ಟ್ ಅಸೋಸಿಯೇಷನ್ 2015ರಲ್ಲಿ 120ರ ಮಿತಿ ಹಾಕಿದ್ದೇ ಅದಕ್ಕೆ. ಅದೂ ನನಗೆ ಬಾಯಿಪಾಠ! ಇನ್ನೂ ಮುಜುಗರದ ವಿಷಯ ಅಂದರೆ, ಪ್ರತಿ ಸಲ ಒತ್ತಿದ ಮೇಲೆ ಎದೆ ಪೂರ್ತಿ ಮೇಲೇಳಲು ಬಿಡಬೇಕಲ್ವಾ, ಆಗ ತಾನೇ ಹೃದಯಕ್ಕೆ ರಕ್ತ ತುಂಬಿಕೊಳ್ಳುವುದು? ನಾನು ಮೈಭಾರ ಹಾಕಿ ಒರಗಿಕೊಂಡೇ ಇದ್ದೆ. ಪರದೆ ಹೇಳುವ ತನಕ ಗೊತ್ತೇ ಆಗಲಿಲ್ಲ.

ಅವತ್ತಿನಿಂದ ಇದೇ ತಲೆಯಲ್ಲಿ ಕೊರೆಯುತ್ತಿದೆ. ಕೆಲಸಕ್ಕೆ ಸೇರಿದ ಮೇಲೂ ಕಲಿಯುತ್ತಾ ಇರಬೇಕು, ಅದಕ್ಕೆ ಲೆಕ್ಕ ಇಡಬೇಕು ಅನ್ನುವುದಕ್ಕೆ ನಮ್ಮ ಕೆಲಸದಲ್ಲಿ ಸಿಪಿಡಿ ಅಂತಾರೆ. ಅದರಲ್ಲಿ ಬಹಳಷ್ಟು ಈಗ ಮೊಬೈಲಿಗೇ ಬಂದಿದೆ. ನೈಟ್ ಶಿಫ್ಟ್ ಮುಗಿಸಿ ದೂರದ ತರಗತಿಗೆ ಓಡುವ ಕಷ್ಟ ತಪ್ಪಿತಲ್ಲ, ಅದು ಸಣ್ಣ ಮಾತಲ್ಲ. ನಾನು ಆನ್‌ಲೈನ್ ಕಲಿಕೆಯ ವಿರೋಧಿ ಅಲ್ಲ. ಆದರೆ ಪರದೆಗೆ ಆಗುವ ಕೆಲಸ ಬೇರೆ, ಆಗದ ಕೆಲಸ ಬೇರೆ. ನಾವು ಎರಡನ್ನೂ ಒಂದೇ ಸರ್ಟಿಫಿಕೇಟಿನೊಳಗೆ ತುರುಕುತ್ತಿದ್ದೇವೆ ಅನ್ನುವುದು ನನ್ನ ತಕರಾರು.

ಪರದೆಗೆ ಚೆನ್ನಾಗಿ ಆಗುವುದು ಏನು ಅಂದರೆ, ಬದಲಾದದ್ದನ್ನು ಹೇಳುವುದು. ನಮ್ಮ ಕೆಲಸದಲ್ಲಿ ಬದಲಾವಣೆ ಕಮ್ಮಿಯೇನಲ್ಲ. 15 ಸಲ ಎದೆ ಒತ್ತಿ 2 ಸಲ ಉಸಿರು ಕೊಡಿ ಅನ್ನುತ್ತಿದ್ದದ್ದು 2005ರಲ್ಲಿ 30ಕ್ಕೆ 2 ಆಯಿತು. ರಕ್ತ ನಿಲ್ಲಿಸಲು ಕೈಕಾಲಿಗೆ ಬಿಗಿಯುವ ಪಟ್ಟಿ, ಟೂರ್ನಿಕೆಟ್, ಕಟ್ಟಿದರೆ ಕಾಲೇ ಹೋಗುತ್ತದೆ, ಬೇರೆ ದಾರಿಯೇ ಇಲ್ಲದಿದ್ದರೆ ಮಾತ್ರ ಮುಟ್ಟಿ ಅಂತ ಹೆದರಿಸುತ್ತಿದ್ದರು. ಇರಾಕ್, ಅಫ್ಘಾನಿಸ್ತಾನದ ಯುದ್ಧಗಳ ಅನುಭವ ಬಂದ ಮೇಲೆ ಆ ಮಾತು ತಿರುಗಿಬಿಟ್ಟಿತು. ಕೈಕಾಲಿನಿಂದ ಜೀವಕ್ಕೆ ಅಪಾಯವಾಗುವಷ್ಟು ರಕ್ತ ಹೋಗುತ್ತಿದ್ದರೆ ಈಗ ಬೇಗ ಕಟ್ಟು, ಕಟ್ಟಿದ ಸಮಯ ಬರೆದಿಡು ಅನ್ನುತ್ತಾರೆ. ಹಾರ್ಟ್ ಅಟ್ಯಾಕ್ ಅಂದ ತಕ್ಷಣ ಆಕ್ಸಿಜನ್ ಮಾಸ್ಕ್ ಹಾಕುತ್ತಿದ್ದೆವು, ಕಣ್ಣು ಮುಚ್ಚಿಕೊಂಡು. ಸ್ವೀಡನ್‌ನಲ್ಲಿ ಆರು ಸಾವಿರಕ್ಕೂ ಹೆಚ್ಚು ಪೇಷಂಟ್‌ಗಳ ಮೇಲೆ ನಡೆದ ಒಂದು ಪ್ರಯೋಗದ ಫಲಿತಾಂಶ 2017ರಲ್ಲಿ ಬಂತು. ರಕ್ತದಲ್ಲಿ ಆಕ್ಸಿಜನ್ ಸರಿಯಾಗಿಯೇ ಇದ್ದವರಿಗೆ ಮೇಲಿಂದ ಕೊಟ್ಟರೂ ಒಂದು ವರ್ಷದ ಸಾವಿನ ಲೆಕ್ಕದಲ್ಲಿ ವ್ಯತ್ಯಾಸ ಕಾಣಲಿಲ್ಲ. ಗಂಟಲಲ್ಲಿ ಏನಾದರೂ ಸಿಕ್ಕಿಕೊಂಡರೆ ಏನು ಮಾಡಬೇಕು ಅನ್ನುವುದೂ ಬದಲಾಗಿದೆ. ಅಮೆರಿಕನ್ ಹಾರ್ಟ್ ಅಸೋಸಿಯೇಷನ್ 2025ರಲ್ಲಿ, ದೊಡ್ಡವರಿಗೂ ಮೊದಲು ಬೆನ್ನಿಗೆ 5 ಏಟು, ಆಮೇಲೆ ಹೊಟ್ಟೆಗೆ 5 ಒತ್ತು ಅಂತ ಮಾಡಿತು. ಯುರೋಪಿನವರು ಎಷ್ಟೋ ವರ್ಷದಿಂದ ಇದನ್ನೇ ಕಲಿಸುತ್ತಿದ್ದರು ಬಿಡಿ.

ಇಂಥದ್ದಕ್ಕೆ ಹತ್ತು ನಿಮಿಷದ ವಿಡಿಯೋ ಸಾಕು. ಹಿಂದೆ ಏನಿತ್ತು, ಈಗ ಏನು, ಯಾಕೆ. ‘ಯಾಕೆ’ ಅನ್ನುವುದನ್ನು ಹೇಳದ ಕೋರ್ಸ್ ನನಗೆ ಬೇಡ. ಹಳೆಯದು ಯಾಕೆ ಹೋಯಿತು ಅಂತ ಮನಸ್ಸಿಗೆ ಹೊಳೆಯದಿದ್ದರೆ, ಗಡಿಬಿಡಿಯಲ್ಲಿ ಕೈ ಹಳೆಯದನ್ನೇ ಮಾಡುತ್ತದೆ.

ವಿಡಿಯೋ ಮಾತ್ರ ಮಾಡಬಲ್ಲ ಇನ್ನೊಂದು ಕೆಲಸ ಇದೆ. ಹೃದಯ ನಿಂತ ಮೊದಲ ಕೆಲವು ನಿಮಿಷ ಕೆಲವರು ಉಸಿರಾಡುತ್ತಿರುವ ಹಾಗೇ ಕಾಣುತ್ತಾರೆ. ನೀರಿಂದ ತೆಗೆದ ಮೀನಿನ ಹಾಗೆ ಬಾಯಿ ತೆರೆಯುತ್ತದೆ, ಗೊರಕೆಯಂಥ ಒಂದು ಸದ್ದು ಬರುತ್ತದೆ. ಆಮೇಲೆ ಸುಮಾರು ಹೊತ್ತು ಏನೂ ಇಲ್ಲ. ಮತ್ತೆ ಒಂದು ಗೊರಕೆ. ಇದು ಉಸಿರಾಟ ಅಲ್ಲ. ಪುಸ್ತಕದಲ್ಲಿ ನಾನಿದನ್ನು ಎಷ್ಟೋ ಸಲ ಓದಿದ್ದೆ. ಆದರೂ ಮೊದಲ ಸಲ ಎದುರಿಗೆ ಕಂಡಾಗ ‘ಉಸಿರಿದೆ, ಉಸಿರಿದೆ’ ಅಂತ ಕೂಗಿದವನು ನಾನೇ. ಜೊತೆಗಿದ್ದ ಸೀನಿಯರ್ ನನ್ನನ್ನು ಪಕ್ಕಕ್ಕೆ ತಳ್ಳಿ ಎದೆ ಒತ್ತಲು ಶುರು ಮಾಡಿದರು. ಡಮ್ಮಿ ಹೀಗೆ ಬಾಯಿ ಬಿಡುವುದಿಲ್ಲ, ಪುಸ್ತಕ ಸದ್ದು ಮಾಡುವುದಿಲ್ಲ. ಅರ್ಧ ನಿಮಿಷದ ಒಂದು ಕ್ಲಿಪ್ ನೋಡಿದ್ದರೂ ನಾನು ಅವತ್ತು ಹಾಗೆ ಕೂಗುತ್ತಿರಲಿಲ್ಲ. ಪ್ರಥಮ ಚಿಕಿತ್ಸೆ ಕಲಿಯುವ ಎಲ್ಲರಿಗೂ ಮೊದಲು ತೋರಿಸಬೇಕಾದ್ದು ಇದೇ ಅನ್ನುತ್ತೇನೆ.

ಇನ್ನು ಪರದೆಗೆ ಆಗದ್ದು. ಕೈ ಬೇಗ ಮರೆಯುತ್ತದೆ. ಸಿಪಿಆರ್ ಕಲಿತ ಮೂರರಿಂದ ಆರು ತಿಂಗಳಲ್ಲೇ ಹಿಡಿತ ತಪ್ಪುತ್ತದೆ ಅಂತ ಹಲವು ಅಧ್ಯಯನಗಳು ಹೇಳಿವೆ. ನಮ್ಮ ಸರ್ಟಿಫಿಕೇಟಿನ ಆಯಸ್ಸು ಸಾಮಾನ್ಯವಾಗಿ ಎರಡು ಅಥವಾ ಮೂರು ವರ್ಷ. ನಡುವೆ ಉಳಿದ ಕಾಲದಲ್ಲಿ ನಾವು ಏನು ಮಾಡುತ್ತೇವೆ? ಡೆಡ್‌ಲೈನ್ ಹಿಂದಿನ ರಾತ್ರಿ ಕೂತು ನಾಲ್ಕು ಕೋರ್ಸ್ ಒಟ್ಟಿಗೆ ಕ್ಲಿಕ್ ಮಾಡುತ್ತೇವೆ. ಗಂಟೆ ಲೆಕ್ಕ ತುಂಬಿತು, ಮುಗೀತು. ನಾನೂ ಮಾಡಿದ್ದೇನೆ, ಅದಕ್ಕೇ ಬೈಯುವ ಧೈರ್ಯ.

ಒಂದು ವಿಷಯ ನನಗೆ ತಮಾಷೆ ಅನಿಸುತ್ತದೆ. ಎದೆ ಒತ್ತಿ ಹೃದಯ ನಡೆಸಬಹುದು ಅನ್ನುವ ಹೆಸರುವಾಸಿ ವೈದ್ಯಕೀಯ ಲೇಖನ ಬಂದದ್ದು 1960ರಲ್ಲಿ. ಆಟಿಕೆ ಮಾಡುತ್ತಿದ್ದ ನಾರ್ವೆಯ ಆಸ್ಮಂಡ್ ಲೇರ್ಡಾಲ್ ಕಲಿಕೆಗೆ ಅಂತ ಬೊಂಬೆ ತಯಾರಿಸಿದ್ದೂ ಅದೇ ವರ್ಷ. ಓದಿಸಿದರೆ ಸಾಲದು, ಒತ್ತಿಸಿ ಕಲಿಸಬೇಕು ಅಂತ ಅವರಿಗೆ ಮೊದಲ ದಿನವೇ ಗೊತ್ತಿತ್ತು. ನಾವು ಅರವತ್ತು ವರ್ಷ ದಾಟಿ ಬಂದು ‘ಮುಂದೆ’ ಬಟನ್ ಒತ್ತುತ್ತಿದ್ದೇವೆ.

ಕೋರ್ಸ್ ತಯಾರಿಸುವವರಿಗೆ ನನ್ನದೊಂದು ಬೇಡಿಕೆ. ಎರಡು ಗಂಟೆಯದ್ದನ್ನು ಹತ್ತು ತುಂಡು ಮಾಡಿ, ಎರಡು ವಾರಕ್ಕೊಂದು ಕಳಿಸಿ. ಒಂದು ಕೇಸ್ ತೋರಿಸಿ, ಅರ್ಧಕ್ಕೆ ನಿಲ್ಲಿಸಿ, ‘ಈಗ ಏನು ಮಾಡ್ತೀಯ?’ ಅಂತ ಕೇಳಿ. ನಾಲ್ಕು ಉತ್ತರ ಕೊಟ್ಟು ಆರಿಸು ಅನ್ನಬೇಡಿ. ಅದರಲ್ಲಿ ಮೂರು ಸುಳ್ಳು ಅಂತ ದೂರದಿಂದಲೇ ಕಾಣುತ್ತದೆ. ಉತ್ತರ ನಾನೇ ಬರೆಯುವ ಹಾಗಿರಲಿ. ತಪ್ಪು ಮಾಡಿದ ಪ್ರಶ್ನೆಯನ್ನು ತಿಂಗಳು ಬಿಟ್ಟು ಮತ್ತೆ ಕೇಳಿ.

ಕೈಯದ್ದನ್ನು ನಾವೇ ನೋಡಿಕೊಳ್ಳಬೇಕು. ನಾನು ಟೂರ್ನಿಕೆಟ್ ಅಭ್ಯಾಸ ಮಾಡುವುದು ನಿಂತ ಗಾಡಿಯ ಹಿಂದೆ, ಲೈಟ್ ಆರಿಸಿ, ಗ್ಲೌಸ್ ಹಾಕಿಕೊಂಡು, ಒಂದೇ ಕೈಯಲ್ಲಿ, ನನ್ನದೇ ತೊಡೆಗೆ. ಬರೀ ಪಟ್ಟಿ ಎಳೆದು, ಅದನ್ನು ಪೂರ್ತಿ ಬಿಗಿಸುವ ಕಡ್ಡಿ ತಿರುಗಿಸುವುದನ್ನು ಮರೆತ ದಿನವೂ ಇದೆ.

ಆ ಡಮ್ಮಿ ಈಗ ನಮ್ಮ ಕೋಣೆಯ ಮೂಲೆಯಲ್ಲೇ ಬಿದ್ದಿರುತ್ತದೆ. ಶಿಫ್ಟಿಗೆ ಬಂದವರು ಬ್ಯಾಗ್ ಇಳಿಸುವ ಮೊದಲು ಎರಡು ನಿಮಿಷ ಒತ್ತಬೇಕು ಅಂತ ನಮ್ಮೊಳಗೇ ಮಾಡಿಕೊಂಡಿದ್ದೇವೆ. ಎರಡೇ ನಿಮಿಷ ಯಾಕೆಂದರೆ ನಿಜವಾದ ಕೇಸಿನಲ್ಲೂ ಎರಡು ನಿಮಿಷಕ್ಕೆ ಒತ್ತುವವರನ್ನು ಬದಲಾಯಿಸುತ್ತೇವೆ. ನಿನ್ನೆ ನಮ್ಮ ಹೊಸ ಹುಡುಗಿ ಒತ್ತಿದಳು, ಕೊನೆಯವರೆಗೂ ಹಸಿರು. ‘ಸಾರ್, ನೀವು?’ ಅಂದಳು. ನನಗಿನ್ನೂ ಕೊನೆಯ ಇಪ್ಪತ್ತು ಸೆಕೆಂಡ್ ಹಳದಿಯೇ ಬರುತ್ತಿದೆ.